ಹಲಗೆಯ ಮೇಲೆ ಇನ್ನೂ ನಿನ್ನದೇ ಹೆಸರು

ನನ್ನ ರೂಮಿನ ಕಿಟಕಿ ಪಕ್ಕದ ಚಾಪೆಯ ಒಡೆಯನೇ, ವಿರೂಪಾಕ್ಷಣ್ಣಾ,

ಈಗ ಎಲ್ಲಿದ್ದರೂ ಅಲ್ಲಿಯೂ ಕಿಟಕಿ ಪಕ್ಕವೇ ಹಿಡಿದಿರುತ್ತೀಯ ಅಂತ ಗೊತ್ತು. ಕುಷ್ಟಗಿಯಿಂದ ಒಂದು ಬ್ಯಾಗು ಹಿಡಿದುಕೊಂಡು ಹೊಸಪೇಟೆಯ ಸ್ಟೇಷನ್ ರೋಡಿನ ಆ ರೂಮಿಗೆ ನಾನು ಬಂದ ದಿನ, ನೀನು ಕಿಟಕಿ ಕೆಳಗೆ ಕಾಲು ಚಾಚಿ ಮಲಗಿದ್ದೆ. "ಹೊಸಬರಿಗೆ ಬಾಗಿಲ ಕಡೆ ತಮ್ಮಾ. ಕಳ್ಳ ಬಂದ್ರ ಮೊದ್ಲು ನಿನ್ನ ತುಳೀಲಿ" ಅಂದಿದ್ದೆ. ಈಗ ಕಿಟಕಿ ಪಕ್ಕ ಖಾಲಿ. ನಾನು ಮಾತ್ರ ಇನ್ನೂ ಬಾಗಿಲ ಕಡೆಯೇ ಮಲಗುತ್ತೇನೆ. ಯಾಕೆ ಅಂತ ಕೇಳಬೇಡ. ಬರೆಯಲು ಕೂತರೆ ಕೈ ಓಡುವುದಿಲ್ಲ. ಅದಕ್ಕೆ ಫೋನಿನಲ್ಲಿ ಮಾತು ಹಿಡಿಯುವ ಬಟನ್ ಒತ್ತಿ ನಿನ್ನ ಜೊತೆ ಮಾತಾಡುತ್ತಿದ್ದೇನೆ. ಸ್ವಲ್ಪ ಹೊತ್ತಾದರೆ ಇದು ತಾನೇ ನಿಂತುಬಿಡುತ್ತದೆ. ನಡುವೆ ಮಾತು ತುಂಡಾದರೆ ಸಿಟ್ಟಾಗಬೇಡ. ನೀನು ಮಾತ್ರ ನನ್ನ ಮಾತು ಪೂರಾ ಮುಗಿಯಲು ಯಾವತ್ತು ಬಿಟ್ಟಿದ್ದೆ?

ಮೆಸ್ಸಿನ ಸಾವಿತ್ರಕ್ಕ ನೆನಪಿದ್ದಾಳಲ್ಲ? ಇಬ್ಬರೂ ಒಟ್ಟಿಗೆ ಕೂತರೆ ನನ್ನ ತಟ್ಟೆಗೆ ಪುಂಡಿಪಲ್ಯ ಒಂದು ಸೌಟು. ನಿನ್ನ ತಟ್ಟೆಗೆ ಮಾತ್ರ ಕೇಳದೆಯೇ ಇನ್ನೊಂದು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ, "ಅಕ್ಕಾ, ನಾನೇನು ಬ್ಯಾರೆ ಊರಿನವನಾ?" ಅವಳು ಸೌಟು ಮೇಲೆತ್ತಿ, "ನೀನು ಉಣ್ಣಾಕ ಬರ್ತಿ. ಅವ ಮಾತಾಡ್ಸಾಕ ಬರ್ತಾನ" ಅಂದಳು. ನೀನು ಗೋಡೆಯ ಕನ್ನಡಿಯಲ್ಲಿ ಕ್ರಾಪು ತೀಡಿಕೊಳ್ಳುತ್ತಾ, "ಕಲ್ಕೋಲೇ ಶರಣಾ" ಅಂತ ಕಣ್ಣು ಹೊಡೆದೆ. ಆ ಬಾಚಣಿಗೆ, ಆ ಕಪ್ಪು ಕನ್ನಡಕ, ಆ ಕಣ್ಣು ಹೊಡೆಯುವುದು... ಒಂದೊಂದಕ್ಕೂ ನನಗೆ ಹೊಟ್ಟೆ ಉರಿಯುತ್ತಿತ್ತು. ಮೊದಲೇ ಹೇಳಿಬಿಡುತ್ತೇನೆ, ಆ ಉರಿ ಇನ್ನೂ ಆರಿಲ್ಲ. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವವನನ್ನು ನೀನು ಎಲ್ಲಾದರೂ ಕಂಡಿದ್ದೀಯಾ?

ನಿನ್ನ ಚೋರನೂರಿನಲ್ಲಿ ನಿನ್ನನ್ನು ಮಣ್ಣು ಮಾಡಿದ ದಿನ, ಊರ ಮುಂದಿನ ರಸ್ತೆಯ ಉದ್ದಕ್ಕೂ ಲಾರಿಗಳು ನಿಂತಿದ್ದವು. ನೀನು ನೋಡಿಕೊಳ್ಳುತ್ತಿದ್ದ ಕುರೆಕುಪ್ಪ ಯಾರ್ಡಿನವು ಮಾತ್ರ ಅಲ್ಲ, ನಾನು ನೋಡಿಕೊಳ್ಳುವ ಹೊಸಪೇಟೆ ಯಾರ್ಡಿನವು, ಗುರುತೇ ಇಲ್ಲದ ಬೇರೆ ಕಂಪನಿಯವು ಕೂಡ. ಬಾನೆಟ್ಟಿನ ಮೇಲೆ ಕೆಂಪು ಧೂಳು, ಅದರ ಮೇಲೆ ಒಂದೊಂದು ಹೂವಿನ ಹಾರ. ಎಲ್ಲರೂ ಅಳುತ್ತಿದ್ದರು. ನಾನೂ ಅಳುತ್ತಿದ್ದೆ. ಅಳುತ್ತಲೇ ನನಗೆ ಬಂದ ಯೋಚನೆ ಏನು ಗೊತ್ತಾ? ನಾನು ಸತ್ತರೆ ಇದರಲ್ಲಿ ಎಷ್ಟು ಬರುತ್ತವೆ ಅಂತ. ನಮ್ಮ ಕುಷ್ಟಗಿ ದಾರಿ ದೂರ, ಡೀಸೆಲ್ ಖರ್ಚು ಜಾಸ್ತಿ, ಅದಕ್ಕೆ ಬರಲಿಕ್ಕಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೀನು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ನಮ್ಮ ಲಾರಿ ಕಂಪನಿಯ ಸಾವ್ಕಾರ್ರ ಮಗಳು ಸುಧಾ ಮೇಡಂ ಹುಬ್ಬಳ್ಳಿಯಲ್ಲಿ ಬಿಸಿನೆಸ್ ಓದು ಮುಗಿಸಿ ಬಂದು ಆ ಕರಿ ಹಲಗೆ ತೂಗುಹಾಕಿಸಿದ ದಿನ ನಾವಿಬ್ಬರೂ ಅಕ್ಕಪಕ್ಕ ನಿಂತಿದ್ದೆವು. ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡ್ ಅಂತ ಹೆಸರು ಹೇಳಿದರು. ಒಂದೊಂದು ಯಾರ್ಡಿಗೆ ಒಂದರ ಕೆಳಗೊಂದು ನಾಲ್ಕು ಚೌಕ. ಮೇಲೆ ದುಡ್ಡು, ಅದರ ಕೆಳಗೆ ಗಿರಾಕಿ, ಅದರ ಕೆಳಗೆ ಒಳಗಿನ ಕೆಲಸ, ಎಲ್ಲಕ್ಕೂ ಕೆಳಗೆ ಕಲಿಕೆ. ಪ್ರತಿ ಚೌಕಕ್ಕೂ ಒಂದು ಮೊಳೆ. ತಿಂಗಳು ಮುಗಿದಾಗ ಗುರಿ ಮುಟ್ಟಿದ್ದರೆ ಮೊಳೆಗೆ ಹಸಿರು ಬಿಲ್ಲೆ, ಸ್ವಲ್ಪದರಲ್ಲಿ ತಪ್ಪಿದ್ದರೆ ಹಳದಿ, ಇಲ್ಲದಿದ್ದರೆ ಕೆಂಪು. "ಬರೀ ಟ್ರಿಪ್ಪು, ಬರೀ ಲಾಭ ನೋಡಿದರೆ ಹಿಂದೆ ಆಗಿದ್ದು ಮಾತ್ರ ಗೊತ್ತಾಗುತ್ತೆ. ಮುಂದೆ ಆಗೋದು ಕೆಳಗಿನ ಮೂರು ಚೌಕದಲ್ಲಿದೆ" ಅಂದರು ಮೇಡಂ. "ಲಾರಿ ಓಡಿಸುವಾಗ ಡೀಸೆಲ್ ಮುಳ್ಳು ಒಂದನ್ನೇ ನೋಡ್ತೀರಾ?" ಅಂತ ಡ್ರೈವರುಗಳನ್ನು ಕೇಳಿದರು. ನನ್ನ ಯಾರ್ಡಿನ ಈರಣ್ಣ ಹಿಂದಿನಿಂದ, "ನಮ್ಮ ಲಾರಿಯಾಗ ಯಾವ ಮುಳ್ಳೂ ಏಳಂಗಿಲ್ಲ ಮೇಡಂ" ಅಂದ. ಸಾವ್ಕಾರ್ರೂ ನಕ್ಕರು. ನೀನು ಮಾತ್ರ ಕನ್ನಡಕ ತೆಗೆದು ಹಲಗೆಯನ್ನೇ ನೋಡುತ್ತಾ, "ಇದು ನಮ್ಮವ್ವ ಆಡೋ ಚೌಕಾಬಾರ ಇದ್ದಂಗೈತಿ" ಅಂದೆ. ಅವತ್ತಿನಿಂದ ಎರಡೂ ಯಾರ್ಡಿನಲ್ಲಿ ಅದಕ್ಕೆ ಚೌಕಾಬಾರದ ಹಲಗೆ ಅಂತಲೇ ಹೆಸರಾಯಿತು. ಹೆಸರಿಟ್ಟವನೂ ನೀನೇ. ಅದೂ ನನಗೆ ಹೊಳೆಯಬಾರದಿತ್ತಾ?

ಮೊದಲ ತಿಂಗಳೇ ನಾವಿಬ್ಬರೂ ಆ ಹಲಗೆಯನ್ನು ಬೇರೆ ಬೇರೆ ಕಡೆಯಿಂದ ಓದಿದೆವು. ನಾನು ಮೇಲಿನಿಂದ ಹಿಡಿದೆ. ದುಡ್ಡು ಹಸಿರಾಗಬೇಕು ಅಂದರೆ ಟ್ರಿಪ್ಪು ಹೆಚ್ಚಬೇಕು, ಟ್ರಿಪ್ಪು ಹೆಚ್ಚಬೇಕು ಅಂದರೆ ಜೋರಾಗಿ ಓಡಿಸಬೇಕು. "ಜಲ್ದಿ ಜಲ್ದಿ" ಅಂತ ಡ್ರೈವರುಗಳ ಬೆನ್ನು ಹತ್ತಿದೆ. ಆಗ ಸಂಡೂರಿನ ಗುಡ್ಡಗಳಿಂದ ಅದಿರು ಇಳಿಯುತ್ತಿದ್ದ ರಭಸಕ್ಕೆ ಯಾರ ಲಾರಿ ನಿಂತಿರುತ್ತಿತ್ತು ಹೇಳು? ನೀನೋ, ಕ್ರಾಪು ಬಾಚಿಕೊಂಡು ನೇರ ನಾವು ಅದಿರು ಇಳಿಸುವ ಫ್ಯಾಕ್ಟರಿಯ ಗೇಟಿಗೆ ಹೋಗಿ, ಅಲ್ಲಿನ ಗೇಟಿನವನಿಗೆ ಚಹಾ ಕುಡಿಸಿ, "ನಮ್ಮ ಗಾಡಿ ಕಂಡ್ರ ನಿಮಗ ಯಾತಕ್ಕ ಸಿಟ್ಟು ಬರ್ತದ್ರಿ?" ಅಂತ ಕೇಳಿದೆ. ಅವನು ಬಾಯಿಬಿಟ್ಟು ಹೇಳಿದ. ನಮ್ಮವರು ಗೇಟಿಗೆ ಬಂದ ಮೇಲೆ ಲೋಡಿಗೆ ಹೊದಿಸಿದ ತಾಡಪಾಲಿನ ಹಗ್ಗ ಬಿಚ್ಚುತ್ತಾರೆ, ಹಿಂದಿನವರೆಲ್ಲಾ ಕಾಯುತ್ತಾರೆ ಅಂತ. ನೀನು ಯಾರ್ಡಿಗೆ ಬಂದು ಮುದುಕ ಡ್ರೈವರೊಬ್ಬನ ಕೈಯಲ್ಲಿ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿಸಿ, ಅದನ್ನು ಎಲ್ಲರಿಗೂ ಕಲಿಸಿದೆ. ಸಾಲಿನಲ್ಲಿ ನಿಂತಾಗಲೇ ಹಗ್ಗ ಸಡಿಲ, ಗೇಟು ದಾಟಿದ ಕೂಡಲೇ ಅದಿರಿನ ಮಣ್ಣು ಖಾಲಿ. ಕಲಿತದ್ದು ಕೆಲಸವಾಯಿತು, ಕೆಲಸ ಗಿರಾಕಿಯ ಸಿಟ್ಟು ಇಳಿಸಿತು, ಕೊನೆಗೆ ದಿನಕ್ಕೊಂದು ಟ್ರಿಪ್ಪೂ ಹೆಚ್ಚಿತು. ಮೇಡಂ ನಾಲ್ಕೂ ಬಿಲ್ಲೆ ಹಸಿರು ಹಾಕುತ್ತಾ, "ನೋಡಿ, ವಿರೂಪಾಕ್ಷಪ್ಪ ಹಲಗೆಯನ್ನ ಕೆಳಗಿನಿಂದ ಓದಿದಾರೆ" ಅಂದಾಗ ನಾನು ಚಪ್ಪಾಳೆ ತಟ್ಟಿದೆ. ಯಾರಿಗೂ ಕೇಳದ ಹಾಗೆ.

ಕಲಿಕೆಯ ಚೌಕಕ್ಕೆ ನಾನೇನೂ ಮಾಡಲಿಲ್ಲ ಅಂತ ಅಂದುಕೊಳ್ಳಬೇಡ. ಬಳ್ಳಾರಿಯಿಂದ ಒಬ್ಬರನ್ನು ಕರೆಸಿ, ಯಾರ್ಡಿನ ಶೆಡ್ಡಿನಲ್ಲಿ ಪರದೆ ಕಟ್ಟಿಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಎಲ್ಲ ಡ್ರೈವರುಗಳಿಗೂ ತರಬೇತಿ ಕೊಡಿಸಿದೆನಲ್ಲ! ಹಸಿರು ಬಿಲ್ಲೆ ನಾನೇ ತಂದು ಮೊಳೆಗೆ ಸಿಕ್ಕಿಸಿದೆ. ಮೇಡಂ ಈರಣ್ಣನನ್ನು ಕರೆದು, "ಏನು ಕಲಿತಿರಿ?" ಅಂತ ಕೇಳಿದರು. "ಬಿಸ್ಕೀಟು ಭಾಳ ಚಲೋ ಇದ್ವು ಮೇಡಂ" ಅಂದ, ಪಾಪಿ. ಹಸಿರು ಹೋಗಿ ಕೆಂಪು ಬಂತು. ಅದೇ ವಾರ ನೀನು ಕುರೆಕುಪ್ಪದಲ್ಲಿ ಮಾಡುತ್ತಿದ್ದದ್ದು ಏನು? ಒಬ್ಬರ ಕೆಲಸ ಇನ್ನೊಬ್ಬರಿಗೆ ಬರಬೇಕು ಅಂತ ಹಟ. ಡ್ರೈವರನ್ನು ವೇಬ್ರಿಡ್ಜಿನ ಮೇಜಿಗೆ ಕೂರಿಸುವುದು, ವೇಬ್ರಿಡ್ಜಿನಲ್ಲಿ ತೂಕ ಬರೆಯುತ್ತಿದ್ದ ಹುಲಿಗೆಮ್ಮನನ್ನು ಎಬ್ಬಿಸಿ ಯಾವ ಲಾರಿ ಯಾವ ಗಣಿಗೆ ಹೋಗಬೇಕು ಅಂತ ಹಂಚಲು ಕಲಿಸುವುದು. ನಾನು ನಕ್ಕಿದ್ದೆ. "ಅಣ್ಣಾ, ನಿನ್ನ ಕೆಲಸ ಆಕಿಗೆ ಕಲಿಸಿದ್ರ ನೀನೇನು ಮಾಡ್ತಿ?" ನೀನು ಕನ್ನಡಕ ಊದಿ ಒರೆಸಿ, "ನಾ ಕಂಪ್ಲಿಗೆ ಹೊಕ್ಕೀನಿ" ಅಂದೆ.

ಕಂಪ್ಲಿ. ಅಲ್ಲಿಂದಲೇ ಅಲ್ಲವಾ ನನ್ನ ಹೊಟ್ಟೆಯ ಬೆಂಕಿ ಸರಿಯಾಗಿ ಹೊತ್ತಿಕೊಂಡದ್ದು? ಅದಿರು ಒಂದನ್ನೇ ನಂಬಿ ಕೂರಬಾರದು, ಕಂಪ್ಲಿಯ ಅಕ್ಕಿ ಗಿರಣಿಗಳ ಲೋಡಿಗೂ ಒಂದು ಡಿಪೋ ಮಾಡೋಣ ಅಂತ ಮೇಡಂ ಅಪ್ಪನನ್ನು ಒಪ್ಪಿಸಿದ್ದರು. ಸಾವ್ಕಾರ್ರು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು, "ಮಾರ್ಚ್ ಮುಗಿಯೋ ಹೊತ್ತಿಗೆ ಯಾರ ಹಲಗಿ ಹಸಿರು ಇರ್ತೈತೋ ಕಂಪ್ಲಿ ಅವರಿಗೆ" ಅಂದುಬಿಟ್ಟರು. ನಾನು ಎಷ್ಟು ಊರು ಸುತ್ತಿದವನು ನಿನಗೆ ಗೊತ್ತು. ಗಂಗಾವತಿಯಲ್ಲಿ ಲಾಡ್ಜು, ಕೊಪ್ಪಳದಲ್ಲಿ ಇಟ್ಟಂಗಿ ಭಟ್ಟಿ, ಆಮೇಲೆ ಈ ಲಾರಿಗಳು. ಎಲ್ಲಿಯೂ ಬ್ಯಾಗು ಪೂರಾ ಬಿಚ್ಚಿಟ್ಟವನಲ್ಲ. ಕಂಪ್ಲಿಯಲ್ಲಿ ಹೊಳೆ ಇದೆ, ಗದ್ದೆ ಇದೆ, ಬೆಳಿಗ್ಗೆ ಹಾಕಿದ ಬಿಳಿ ಅಂಗಿ ಸಂಜೆಗೂ ಬಿಳಿಯಾಗಿಯೇ ಇರುತ್ತದೆ. ಅಲ್ಲಿಗೆ ಹೋದರೆ ನಿಲ್ಲುತ್ತೇನೆ ಅಂತ ನನಗೆ ಅನ್ನಿಸಿತ್ತು. ಅದನ್ನು ನಿನಗೆ ಹೇಳಿದ್ದೇ ತಡ, ಮರುದಿನವೇ ನೀನು ಬಜಾರಿಗೆ ಹೋಗಿ ಬಿಳಿ ಅಂಗಿ ತಂದು ರೂಮಿನ ಮೊಳೆಗೆ ಹಾಕಿದೆ. "ಕಂಪ್ಲಿಗೆ" ಅಂದೆ. ನನ್ನ ಕನಸನ್ನು ನೀನು ನನಗಿಂತ ಮೊದಲು ಖರೀದಿ ಮಾಡಿದ್ದೆ. ಅಣ್ಣಾ, ಹಾಗೆ ಮಾಡಬಹುದಾ?

ಆಸ್ಪತ್ರೆಯಲ್ಲಿ ನಿನ್ನನ್ನು ನೋಡಲು ಬಂದ ದಿನ, ನಿನ್ನ ಮಂಚದ ಸುತ್ತ ಜನ. ನನಗೆ ನಿಲ್ಲಲು ಜಾಗ ಸಿಗಲಿಲ್ಲ. ಕಾಮಾಲೆ ಏರಿ ನಿನ್ನ ಕಣ್ಣು, ಉಗುರು ಎಲ್ಲ ಅರಿಶಿನ. ನನ್ನನ್ನು ಕಂಡು ಕೈ ಎತ್ತಿ, "ನೋಡ್ಲೇ ಶರಣಾ, ಮೇಡಂ ಹಲಗಿ ಬಿಟ್ಟು ನನಗ ಹಳದಿ ಬಿಲ್ಲಿ ಹಾಕ್ಯಾರ" ಅಂದೆ. ಎಲ್ಲರೂ ನಕ್ಕರು. ನಂತರ ನನ್ನ ಕಿವಿ ಹತ್ತಿರಕ್ಕೆ ಎಳೆದು, "ಈ ತಿಂಗಳು ಯಾರದು ಹಸಿರು?" ಅಂತ ಕೇಳಿದೆ. "ನಿಂದ ಮಾರಾಯಾ, ಸುಮ್ನ ಮಲ್ಕೋ" ಅಂದೆ ನಾನು. ನಿನ್ನ ಮುಖದಲ್ಲಿ ಆ ನಗು ಬಂತಲ್ಲ, ಮೆಸ್ಸಿನಲ್ಲಿ ಎರಡನೆಯ ಸೌಟು ಬಿದ್ದಾಗ ಬರುತ್ತಿದ್ದ ನಗು, ಅದು. ಅದೇ ಕೊನೆ ಅಂತ ನನಗೆ ಹೇಗೆ ಗೊತ್ತಿರಬೇಕು? ಗೊತ್ತಿದ್ದರೆ ಬೇರೆ ಏನಾದರೂ...

ನಿನ್ನ ದಿನಕರ್ಮ ಮುಗಿದ ಮೇಲೆ ಸಾವ್ಕಾರ್ರು, "ಎರಡೂ ಯಾರ್ಡು ನೀನ ನೋಡ್ಕೋ" ಅಂದರು. ಖುಷಿಯಾಗಬೇಕಿತ್ತು. ನಿನ್ನ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆಯಲು ಸೀಮೆಸುಣ್ಣದ ಕಡ್ಡಿ ಹಿಡಿದು ಹೋದರೆ, ಸುಧಾ ಮೇಡಂ ತಡೆದರು. "ವರ್ಷದ ನಡುವೆ ಹೆಸರು ಬದಲಾಯಿಸಬೇಡಿ. ಹೋಲಿಸಿ ನೋಡೋಕೆ ಆಗಲ್ಲ. ಮಾರ್ಚ್ ತನಕ ಹಾಗೇ ಇರಲಿ." ಹಾಗೇ ಇತ್ತು. ಒಂದು ಕಡೆ ಹೊಸಪೇಟೆ, ಶರಣಬಸಪ್ಪ. ಇನ್ನೊಂದು ಕಡೆ ಕುರೆಕುಪ್ಪ, ವಿರೂಪಾಕ್ಷಪ್ಪ. ನೀನಿಲ್ಲದ ಯಾರ್ಡು ಇನ್ನೇನು ಹಳ್ಳ ಹಿಡಿಯುತ್ತದೆ ಅಂತ ಕಾದೆ. ನಿನ್ನ ಮಣ್ಣಿಗೆ ಲಾರಿ ನಿಲ್ಲಿಸಿದ ತಿಂಗಳು ದುಡ್ಡಿನ ಚೌಕ ಕೆಂಪಾಯಿತು, ನಿಜ. ಮರುತಿಂಗಳೇ ನಾಲ್ಕಕ್ಕೆ ನಾಲ್ಕೂ ಹಸಿರು! ನಾನು ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಕುರ್ಚಿಯಲ್ಲಿ ಕೂತು ಏಳುತ್ತಿದ್ದೆ, ಅಷ್ಟೆ. ಲಾರಿ ಹಂಚುತ್ತಿದ್ದವಳು ಹುಲಿಗೆಮ್ಮ. ಏನಾದರೂ ಬದಲಾಯಿಸು ಅಂದರೆ, "ಅಣ್ಣ ಹಂಗ ಮಾಡ್ತಿದ್ದಿಲ್ರಿ" ಅಂತ ಒಂದೇ ಉತ್ತರ. "ಅಣ್ಣ ಈಗ ಇಲ್ಲಲ್ಲ" ಅಂದರೆ, "ಗೊತ್ತೈತ್ರಿ, ಅದಕ್ಕ ನಾವು ಮಾಡಾಕತ್ತೀವಿ" ಅನ್ನುತ್ತಿದ್ದಳು. ಬದುಕಿದ್ದಾಗ ನಿನ್ನನ್ನು ರೂಮಿನಲ್ಲಿ ಬೈದು ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದೆ. ಈಗ ಯಾರನ್ನು ಬೈಯಲಿ?

ನಿನ್ನ ಯಾರ್ಡಿನ ಅಮವಾಸ್ಯೆ ನೆನಪಿಗೆ ಬಂದದ್ದು ಆಗ. ಅಮವಾಸ್ಯೆಯ ದಿನ ನಮ್ಮ ಕಡೆ ಲಾರಿಗೆ ಪೂಜೆ ಮಾಡದವರು ಯಾರೂ ಇಲ್ಲ. ಗಾಲಿಗೆ ನಿಂಬೆಹಣ್ಣು, ಮುಂದೊಂದು ಕುಂಬಳಕಾಯಿ, ಹತ್ತು ನಿಮಿಷದ ಕೆಲಸ. ನೀನು ಮಾತ್ರ ಮಧ್ಯಾಹ್ನದವರೆಗೆ ಒಂದು ಗಾಲಿಯೂ ಉರುಳಲು ಬಿಡುತ್ತಿರಲಿಲ್ಲ. ಲಾರಿ ತೊಳೆಯಬೇಕು, ಬ್ರೇಕು ನೋಡಬೇಕು, ಗ್ರೀಸು ಹಾಕಬೇಕು, ಆಮೇಲೆ ಪೂಜೆ, ಆಮೇಲೆ ಮಂಡಕ್ಕಿ ಮಿರ್ಚಿ. ತಿನ್ನುತ್ತಾ ತಿನ್ನುತ್ತಾ ಯಾರು ಯಾವ ತಿರುವಿನಲ್ಲಿ ಸಿಕ್ಕಿಬಿದ್ದರು, ಯಾವ ಗೇಟಿನಲ್ಲಿ ಬೈಸಿಕೊಂಡರು ಅಂತ ಮಾತು. ನನಗೆ ಅದು ಅರ್ಧ ದಿನ ದಂಡವಾಗಿ ಕಾಣುತ್ತಿತ್ತು. ನಿನ್ನನ್ನು ಹೊಡೆಯಲು ಇದೇ ಜಾಗ ಅಂತ ಲೆಕ್ಕ ಹಾಕಿದೆ. ದೀಪಾವಳಿ ಆದ ಮುಂದಿನ ಅಮವಾಸ್ಯೆಗೆ, ಹಿಂದಿನ ದಿನ ಸಂಜೆಯೇ ಅಯ್ಯನವರನ್ನು ಕರೆಸಿ, ಹೊಸಪೇಟೆ ಯಾರ್ಡಿನ ಎಲ್ಲ ಲಾರಿಗೂ ಒಟ್ಟಿಗೆ ಪೂಜೆ ಮುಗಿಸಿಬಿಟ್ಟೆ. ಅಮವಾಸ್ಯೆ ದಿನ ಬೆಳಗಿನಿಂದಲೇ ಟ್ರಿಪ್ಪು! ಈರಣ್ಣ ತಲೆ ಕೆರೆದುಕೊಂಡ.

"ಸಾರ್, ಅಮವಾಸಿ ನಾಳೆ ಅಲ್ರೀ?"

"ಪೂಜಿ ಆತಲ್ಲ, ದೇವರಿಗೆ ಒಂದಿನ ಮೊದ್ಲ ಮುಟ್ಟಿದ್ರ ಸಿಟ್ಟು ಬರ್ತೈತೇನು?"

"ಹಿಂದ ಮುಂದ ಮಾಡಾಕ ಅಮವಾಸಿ ಏನು ನಿಮ್ಮ ಲೋಡಿಂಗ್ ಚೀಟಿ ಏನ್ರಿ?"

"ಬಾಯಿ ಮುಚ್ಕೊಂಡು ನಾಳೆ ಮುಂಜಾನೆ ಗಾಡಿ ತಗೀ" ಅಂದೆ.

ಬೆಳಗಾದ ಕೂಡಲೇ ತೆಗೆದರು. ಈರಣ್ಣನ ಹೊರತು ಒಬ್ಬನೂ ಎದುರು ಮಾತಾಡಲಿಲ್ಲ. ಅದಕ್ಕೇ ನನಗೆ ಅನುಮಾನ ಬರಬೇಕಿತ್ತು, ಅಲ್ಲವಾ?

ಗಾಡಿ ತೆಗೆದು ತಾಸು ಆಗಿರಲಿಲ್ಲ, ಫೋನ್ ಮೇಲೆ ಫೋನ್. ಸಂಡೂರು ರಸ್ತೆಯಲ್ಲಿ ನಮ್ಮ ಲಾರಿಗಳು ನಿಂತಿವೆ, ಹಿಂದೆ ಕಣ್ಣು ಹರಿಯುವಷ್ಟು ದೂರ ಜಾಮ್. ಬೈಕ್ ಹತ್ತಿ ಓಡಿದೆ. ಗುಡ್ಡದ ಬುಡದ ಬೇವಿನ ಮರದ ಹತ್ತಿರ ಏನು ನೋಡಲಿ! ನನ್ನ ಒಬ್ಬೊಬ್ಬ ಡ್ರೈವರೂ ರಸ್ತೆ ಮೇಲೆಯೇ ಲಾರಿ ನಿಲ್ಲಿಸಿಕೊಂಡು, ತನ್ನ ತನ್ನ ಕುಂಬಳಕಾಯಿ ಒಡೆದು, ತನ್ನ ತನ್ನ ನಿಂಬೆಹಣ್ಣು ಇಟ್ಟು, ತನ್ನ ತನ್ನ ಊದುಬತ್ತಿ ಹಚ್ಚಿ ನಿಧಾನಕ್ಕೆ ಬೆಳಗುತ್ತಿದ್ದಾನೆ. ಎಲ್ಲರೂ ಮನೆಯಿಂದಲೇ ಚೀಲದಲ್ಲಿ ಕಟ್ಟಿಕೊಂಡು ಬಂದಿದ್ದರು. ನಾನು ಸಿಟ್ಟಿನಲ್ಲಿ ಬೈಕು ಮುಂದೆ ನುಗ್ಗಿಸಿದೆ. ಒಡೆದ ಕುಂಬಳದ ಮೇಲೆ ಗಾಲಿ ಜಾರಿತು. ಕೆಂಪು ಧೂಳು, ಕುಂಕುಮ, ಕುಂಬಳದ ಬೀಜ, ಅದರೊಳಗೆ ನಾನು. ಈರಣ್ಣ ಓಡಿ ಬಂದು ಎಬ್ಬಿಸುತ್ತಾ, "ದೃಷ್ಟಿ ಹೋತು ಬಿಡ್ರಿ ಸಾರ್, ಇಷ್ಟಕ್ಕ ಮುಗೀತು" ಅಂದ. ಯಾರ ದೃಷ್ಟಿ ಅಂತ ಕೇಳಲಿಲ್ಲ ನಾನು.

ಜಾಮ್ ಬಿಡುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಫ್ಯಾಕ್ಟರಿ ಗೇಟಿನಲ್ಲಿ ನಮ್ಮ ಸರದಿ ತಪ್ಪಿತ್ತು. ಗಿರಾಕಿ ಕೆಂಪು, ಒಳಗಿನ ಕೆಲಸ ಕೆಂಪು, ದುಡ್ಡಂತೂ ಕೇಳಲೇಬೇಡ. ಅಷ್ಟರಲ್ಲಿ ಎದುರಿನಿಂದ ಹಾರ್ನ್ ಹೊಡೆಯುತ್ತಾ ಬಂದವು ನೋಡು, ನಿನ್ನ ಕುರೆಕುಪ್ಪದ ಲಾರಿಗಳು. ತೊಳೆದು ಮಿರಮಿರ ಮಿಂಚುತ್ತಾ, ಗಾಲಿಗೆ ವಿಭೂತಿ ಎಳೆದುಕೊಂಡು, ಒಂದರ ಹಿಂದೊಂದು. ನನ್ನ ಬೈಕಿನ ಹ್ಯಾಂಡಲ್ ಸೊಟ್ಟಗಾಗಿತ್ತು. ನಿನ್ನ ಹಳೇ ಡ್ರೈವರೊಬ್ಬ ನನ್ನನ್ನು ಕ್ಯಾಬಿನ್ನಿಗೆ ಹತ್ತಿಸಿಕೊಂಡು, ಕೈಗೆ ಕೊಬ್ಬರಿ ಚೂರು ಕೊಟ್ಟು, ನನ್ನ ಅಂಗಿಗೆ ಅಂಟಿದ್ದ ಬೀಜ ತೆಗೆಯುತ್ತಾ, "ವಿರೂಪಾಕ್ಷಣ್ಣ ಇರಬೇಕಾಗಿತ್ತು ನೋಡ್ರಿ" ಅಂದ. ಬೇರೆ ಯಾರಾದರೂ ಹಾಗೆ ಅಂದರೆ ದುಃಖದ ಮಾತು. ಅವನು ನಗು ತಡೆದುಕೊಂಡು ಅಂದ. ನನಗೂ ನಗು ಬಂತು ಕಣೋ. ಬಂದದ್ದು ಅಲ್ಲಿಗೇ ನಿಂತಿತು. ನೀನಿದ್ದಿದ್ದರೆ ಆ ರಾತ್ರಿ ಮೆಸ್ಸಿನಲ್ಲಿ ಎಲ್ಲರ ಮುಂದೆ ನನ್ನ ಹಾಗೆ ಬಿದ್ದು ತೋರಿಸಿ ನಗಿಸುತ್ತಿದ್ದೆ. ನಗಿಸುವವನೇ ಇಲ್ಲದೆ ಬಿದ್ದವನಿಗೆ ಆ ಬೀಳುವುದೂ ಒಂದು...

ಏಪ್ರಿಲ್‌ನಲ್ಲಿ ಹೊಸಪೇಟೆ ಆಫೀಸಿನಲ್ಲಿ ಎರಡೂ ಯಾರ್ಡಿನವರನ್ನು ಸೇರಿಸಿದ ದಿನ ನಾನು ಏನು ಹಾಕಿಕೊಂಡು ಹೋದೆ ಗೊತ್ತಾ? ನಿನ್ನ ಬಿಳಿ ಅಂಗಿ. ಭುಜ ಇಳಿಬಿದ್ದಿತ್ತು, ತೋಳು ಬೆರಳವರೆಗೆ ಬರುತ್ತಿತ್ತು. ಅಂಗಿಯಲ್ಲಿಯೂ ನೀನೇ ದೊಡ್ಡವನು. ಹುಲಿಗೆಮ್ಮ ಬಾಗಿಲಲ್ಲೇ ನೋಡಿದಳು. ಅಳತೆಯಿಂದಲೇ ಗುರುತು ಹಿಡಿದಳು. ಹಲಗೆಯಲ್ಲಿ ನನ್ನ ಕಡೆ ಹಳದಿ, ಕೆಂಪು, ಒಂದು ಹಸಿರು. ನಿನ್ನ ಕಡೆ ಪೂರಾ ಹಸಿರು ಗದ್ದೆ. ಸಾವ್ಕಾರ್ರು ಅದನ್ನು ನೋಡಿ ತೊಡೆ ತಟ್ಟಿಕೊಂಡರು. "ಇದರಾಗ ವಿಚಾರ ಮಾಡೋದೇನೈತಿ? ಎರಡೂ ಯಾರ್ಡು ಶರಣನ ಕೈಯಾಗ ಇದ್ವು. ಕುರೆಕುಪ್ಪ ಹಸಿರಾಗೈತಿ. ಕಂಪ್ಲಿ ಶರಣಗ."

ಸುಮ್ಮನಿದ್ದರೆ ಆಗಿತ್ತು. ಹೊಳೆ, ಗದ್ದೆ, ಸಂಜೆಗೂ ಬಿಳಿ ಇರುವ ಅಂಗಿ, ಎಲ್ಲ ನನ್ನದಾಗಿತ್ತು. ಅಷ್ಟರಲ್ಲಿ ಯಾರೋ ಹಿಂದಿನಿಂದ, "ವಿರೂಪಾಕ್ಷಣ್ಣನ ಹಸಿರು!" ಅಂತ ಕೂಗಿದರು. ಎಲ್ಲರೂ ಚಪ್ಪಾಳೆ ಹೊಡೆದರು. ನನಗಲ್ಲ, ಹಲಗೆ ಮೇಲಿನ ನಿನ್ನ ಹೆಸರಿಗೆ. ಸಾವ್ಕಾರ್ರು ಕೊಟ್ಟದ್ದು ನನಗೆ, ಚಪ್ಪಾಳೆ ನಿನಗೆ! ನನ್ನ ತಲೆಯೊಳಗೆ ಏನೋ ಸಿಡಿಯಿತು.

"ಸಾವ್ಕಾರ್ರ, ಅದು ನನ್ನ ಹಸಿರು ಅಲ್ರಿ" ಅಂದೆ. "ಅಲ್ಲಿ ನಾ ಏನೂ ಮಾಡಿಲ್ಲ. ಕುರ್ಚಿಯಾಗ ಕುಂತು ಎದ್ದು ಬಂದೀನಿ. ಸತ್ತವನ ಹಸಿರು ನನಗ ಬ್ಯಾಡ."

ಸಾವ್ಕಾರ್ರಿಗೆ ರೇಗಿತು. "ನಿನಗ ಬ್ಯಾಡ ಅಂದ್ರ ಯಾರಿಗೆ ಕೊಡ್ಲೋ? ಸತ್ತವನ ಕರ್ಕೊಂಡು ಬಂದು ಕೊಡಾಕ ಬರ್ತೈತೇನು?"

"ನನಗ ಕೊಡ್ರಿ."

ಹುಲಿಗೆಮ್ಮ ಎದ್ದು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ವೇಬ್ರಿಡ್ಜಿನಲ್ಲಿ ಲಾರಿ ಹತ್ತಿಸುವಾಗಿನ ಹಾಗೆ. "ಅಣ್ಣ ಕಲಿಸಿದ, ನಾವು ಮಾಡಿದ್ವಿ. ಗಾಡಿ ಹಂಚಿದಾಕಿ ನಾನು. ಅಮವಾಸಿ ನಿಲ್ಲಿಸಿದಾಕಿ ನಾನು. ಗೇಟಿನವರ ಕೂಡ ಜಗಳಾಡಿದಾಕಿನೂ ನಾನ. ಕಂಪ್ಲಿಯಾಗ ಮಣ್ಣಿನ ಬದ್ಲಿ ಅಕ್ಕಿ ಇರ್ತೈತಿ, ಅಷ್ಟ ಅಲ್ರಿ?"

ಮೇಡಂ ಹಲಗೆಯ ಕಡೆ ನೋಡಿದರು, ಕಲಿಕೆಯ ಆ ನಾಲ್ಕನೆಯ ಚೌಕದ ಕಡೆ. ಅಪ್ಪನಿಗೆ ಏನೋ ಹೇಳಲು ಬಾಯಿ ತೆರೆದರು. ಆದರೆ ಸಾವ್ಕಾರ್ರು ಕೈ ಎತ್ತಿ ತಡೆದು ನನ್ನ ಕಡೆ ತಿರುಗಿದರು. "ಆಕಿ ಕೈಲಾಗ್ತೈತೇನು? ನೀ ಹೇಳು ಶರಣಾ. ನೀ ಆಗಂಗಿಲ್ಲ ಅಂದ್ರ ಮಾತು ಇಲ್ಲಿಗೆ ಮುಗೀತು."

ಒಂದು ಮಾತು ಸಾಕಿತ್ತು ಅಣ್ಣಾ. ಆಗಲ್ಲ ಅಂದಿದ್ದರೆ ಸಾವ್ಕಾರ್ರು ನನ್ನನ್ನೇ ಒತ್ತಾಯಿಸಿ ಕಳಿಸುತ್ತಿದ್ದರು. ನಾನು ಹಲಗೆಯಲ್ಲಿದ್ದ ನಿನ್ನ ಹೆಸರನ್ನು ನೋಡಿದೆ. ನೀನು ನಗುತ್ತಿದ್ದೀಯ ಅಂತಲೇ ಅನ್ನಿಸಿತು. ನಿನ್ನ ಹಸಿರಿನಿಂದ ಗೆದ್ದರೆ ಸಾಯುವವರೆಗೂ ನಿನ್ನ ಅಂಗಿಯೊಳಗೇ ಇರಬೇಕು. ಬದುಕಿರುವವಳಿಗೆ ಸೋತರೆ, ಮುಂದಿನ ವರ್ಷ ಗೆಲ್ಲಲು ದಾರಿ ಇದೆ. "ಆಕಿ ಕೈಲಾಗ್ತೈತ್ರಿ" ಅಂದೆ. "ನನ್ನಕಿಂತ..." ಮುಂದಿನ ಮಾತು ಬಾಯಿಂದ ಬರಲಿಲ್ಲ. ಬಾರದಿದ್ದರೂ ಎಲ್ಲರಿಗೂ ಕೇಳಿಸಿತು ಅಂತ ಕಾಣುತ್ತದೆ. ಎಲ್ಲ ಮುಗಿದ ಮೇಲೆ ಹುಲಿಗೆಮ್ಮ ಹೊರಗೆ ಬಂದು ನನ್ನ ತೋಳಿನ ಬಟ್ಟೆ ಹಿಡಿದು ಎರಡು ಮಡಿಕೆ ಮಡಚಿದಳು. "ಅಣ್ಣಂದು ನಿಮಗ ದೊಡ್ಡದಾಗ್ತದ್ರಿ, ನಿಮ್ಮ ಅಳತಿದು ಒಂದು ತಗೋರಿ" ಅಂದಳು. ಚುಚ್ಚಿದಳೋ ಸಮಾಧಾನ ಹೇಳಿದಳೋ ನನಗೆ ಇವತ್ತಿಗೂ ತಿಳಿದಿಲ್ಲ. ನೀನೇ ಅವಳಿಗೆ ಇದನ್ನೂ ಕಲಿಸಿದ್ದೆಯಾ?

ಹಾಗಾಗಿ ನಿನಗೆ ಗೊತ್ತಿಲ್ಲದ ಸುದ್ದಿ ಇದು. ಕಂಪ್ಲಿ ಡಿಪೋಗೆ ನೀನೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಹುಲಿಗೆಮ್ಮ ಹೋದಳು. ಮೊನ್ನೆ ಫೋನಿನಲ್ಲಿ, "ಇಲ್ಲಿ ಗಿರಣಿಯವರಿಗೆ ಯಾತಕ್ಕ ಸಿಟ್ಟು ಬರ್ತದ ಅಂತ ಕೇಳಾಕತ್ತೀನ್ರಿ, ಭಾಳ ದೊಡ್ಡ ಪಟ್ಟಿ ಐತಿ" ಅಂತ ನಗುತ್ತಿದ್ದಳು. ಈಗ ಅವಳನ್ನು ಕಂಡರೂ ನನಗೆ ಉರಿಯುತ್ತದೆ. ಪರವಾಗಿಲ್ಲ, ಅವಳನ್ನು ಬೈದರೆ ತಿರುಗಿ ಬೈಯುತ್ತಾಳೆ. ಅಷ್ಟು ಸುಖ ನೀನು ಹೋದಾಗಿನಿಂದ ಸಿಕ್ಕಿರಲಿಲ್ಲ.

ಇನ್ನೊಂದು ಸುದ್ದಿ ಇದೆ. ಹೊಸ ವರ್ಷಕ್ಕೆ ಹಲಗೆ ತೊಳೆಯುವ ದಿನ ಮೇಡಂ ಒದ್ದೆ ಬಟ್ಟೆ ನನ್ನ ಕೈಗೇ ಕೊಟ್ಟರು. ಬಿಲ್ಲೆಗಳನ್ನೆಲ್ಲ ಇಳಿಸಿದೆ. ನನ್ನ ಹೆಸರು ಒರೆಸಿದೆ, ಮತ್ತೆ ಬರೆದೆ, ಸ್ವಲ್ಪ ದಪ್ಪಗೆ. ನಿನ್ನದರ ಹತ್ತಿರ ಬಟ್ಟೆ ಒಯ್ದು ನಿಂತೆ. "ಮೇಡಂ, ಇದು ಇರಲ್ರಿ" ಅಂದೆ. "ಯಾಕೆ ಶರಣಬಸಪ್ಪ, ಈಗ ಹೋಲಿಸೋಕೆ ಬೇಕಿಲ್ಲವಲ್ಲ?" ಅಂದರು. "ನನಗ ಬೇಕ್ರಿ" ಅಂದೆ. ಅವರು ನನ್ನ ಕೈಯಿಂದ ಬಟ್ಟೆ ವಾಪಸು ತೆಗೆದುಕೊಂಡರು. ಪ್ರೀತಿಯಿಂದ ಉಳಿಸಿದೆ ಅಂತ ಉಬ್ಬಬೇಡ. ಎದುರಿಗೆ ಹೆಸರಿಲ್ಲದಿದ್ದರೆ ನಾನು ಯಾರನ್ನು ಹೊಡೆಯಬೇಕು?

ಈ ಫೋನು ನಿಲ್ಲುವ ಮೊದಲು ಹೇಳಿಬಿಡುತ್ತೇನೆ, ನಾಳೆ ಅಮವಾಸ್ಯೆ ಅಣ್ಣಾ. ನನ್ನ ಯಾರ್ಡಿನ ಒಂದು ಗಾಲಿಯೂ ಮಧ್ಯಾಹ್ನದವರೆಗೆ ಉರುಳುವುದಿಲ್ಲ. ಈರಣ್ಣ ಮಿರ್ಚಿಗೆ ಹಿಟ್ಟು ತಂದಿಟ್ಟಿದ್ದಾನೆ, "ಸಾರ್, ಅಮವಾಸಿ ಈ ಸಲ ಅಮವಾಸಿ ದಿನಾನ ಬಂತಲ್ಲ!" ಅಂತ ಎಲ್ಲರೆದುರು ಕೂಗಿ ಹೇಳಿದ್ದಾನೆ. ನನ್ನ ಅಳತೆಯದೇ ಒಂದು ಬಿಳಿ ಅಂಗಿಯನ್ನೂ ತಂದಿದ್ದೇನೆ, ಕವರು ಬಿಚ್ಚಿಲ್ಲ. ನಿನ್ನ ಹೆಸರಿನ ಕೆಳಗೆ ಇದ್ದ ನಾಲ್ಕು ಹಸಿರೂ ನನ್ನ ಹೆಸರಿನ ಕೆಳಗೆ ಬಂದ ದಿನ ಬಿಚ್ಚುತ್ತೇನೆ. ಅವತ್ತು ನಿನ್ನ ಹೆಸರನ್ನು ನಾನೇ ಒರೆಸುತ್ತೇನೆ. ಒರೆಸಿ ಕಿಟಕಿ ಪಕ್ಕ ಚಾಪೆ ಹಾಸುತ್ತೇನೆ. ಅಲ್ಲಿಯವರೆಗೆ ಅದು ನಿನ್ನ ಜಾಗ. ಸತ್ತಿದ್ದೀಯ ಅಂತ ರಿಯಾಯಿತಿ ಕೊಡುತ್ತೇನೆ ಅಂದುಕೊಂಡಿದ್ದರೆ